ಬೆರಳಲ್ಲಿ ತಿರುಗಿಸಿಟ್ಟ ನಟ್ಟು

ಕಾಂಕ್ರೀಟಿನ ಪುಡಿ ಕಣ್ಣಿಗೆ ಬಿದ್ದರೂ ಅವನು ಕಣ್ಣುಜ್ಜಿಕೊಳ್ಳಲಿಲ್ಲ. ಕೆಳಗೆ ಕುರ್ಚಿ ಹಾಕಿಕೊಂಡು ಮಾವ ನೋಡುತ್ತಿದ್ದರು. ಡ್ರಿಲ್ ಮಷಿನ್ನು ಚಾವಣಿಯೊಳಗೆ ಎರಡಂಗುಲ ಇಳಿದು ಕಬ್ಬಿಣದ ಸರಳಿಗೆ ತಾಗಿ ಕಿರ್ರೆಂದಿತು. ಆ ಅದುರು ಅವನ ಮೊಣಕೈ ಹಿಡಿದು ಭುಜ ಹತ್ತಿ ಹಲ್ಲಿನ ಬುಡಕ್ಕೆ ಬಂದು ನಿಂತಿತು. “ಸರಳು ಸಿಕ್ತು ಅನ್ಸತ್ತೆ,” ಎಂದ. “ಅನ್ಸೋದೇನು ಬಂತು, ಸಿಕ್ಕಿದೆ,” ಅಂದರು ಮಾವ, “ಜೀವಮಾನ ಎಲ್ಲ ಚಾವಣಿ ಒಡೆದಿದೀನಿ. ಸದ್ದಲ್ಲೇ ಗೊತ್ತಾಗತ್ತೆ. ಒಂದು ಬೆರಳು ಪಕ್ಕಕ್ಕೆ ತಗೋ.” ಅವನು ತಗೊಂಡ. ಏಣಿ ಅಲುಗಾಡಿತು. ಯಾರಾದರೂ ಹಿಡಿದುಕೊಂಡರೆ ಚೆನ್ನಾಗಿತ್ತು ಎಂದು ಬಾಯಿತುದಿಗೆ ಬಂದದ್ದನ್ನು ಪುಡಿಯ ಜೊತೆಗೇ ನುಂಗಿದ. ಮಾವ ಏಣಿ ಹಿಡಿಯುವ ಪೈಕಿ ಅಲ್ಲ. ಹಳೇ ಕಟ್ಟಡ ಕೆಡವುವ ಗುತ್ತಿಗೆಯಲ್ಲಿ ಮೇಲೆ ಬಂದ ಮನುಷ್ಯ. ಆಳುಗಳು ಬೆನ್ನ ಹಿಂದೆ ಇಟ್ಟ ಹೆಸರು ‘ಸುತ್ತಿಗೆ’. ಆ ಹೆಸರು ಕಿವಿಗೆ ಬಿದ್ದ ದಿನ ಅವರು ಸಿಟ್ಟಾಗಲಿಲ್ಲವಂತೆ, ಸಿಹಿ ಹಂಚಿದರಂತೆ. ಮದುವೆಯಾದ ಹೊಸತರಲ್ಲಿ ಈ ಕತೆಯನ್ನು ಹೆಂಡತಿ ನಗುತ್ತಾ ಹೇಳಿದ್ದಳು. ಹೇಳಿ ಮುಗಿಸಿದ ಮೇಲೆ ಅವಳ ನಗು ಮುಖದ ಮೇಲೆ ಸ್ವಲ್ಪ ಹೆಚ್ಚೇ ಹೊತ್ತು ಉಳಿದಿತ್ತು.

ಎದೆಯ ಆಪರೇಷನ್ ಆದ ಮೇಲೆ ಡಾಕ್ಟರು ಮಾವನಿಗೆ ಬಿಸಿಲಲ್ಲಿ ಮೈದಾನ ಸುತ್ತಬಾರದು, ಬಗ್ಗಬಾರದು ಅಂದರು. ಹೊಡೆಯಬಾರದು ಅನ್ನಲಿಲ್ಲ. ಹಾಗಾಗಿ ಮನೆಯ ಹಿಂದಿನ ಕಾರಿನ ಶೆಡ್ಡು ಗಾಲ್ಫ್ ಕೋಣೆಯಾಯಿತು. ಎದುರಿಗೆ ಗೋಡೆಯಗಲದ ದಪ್ಪ ಬಿಳೀ ಪರದೆ, ನೆಲದಲ್ಲಿ ಹುಲ್ಲಿನ ಬಣ್ಣದ ಚಾಪೆ, ಪಕ್ಕದಲ್ಲೊಂದು ಕಪ್ಪು ಪೆಟ್ಟಿಗೆ. ಹೊಡೆದ ಚೆಂಡು ಪರದೆಗೆ ಬಡಿದು ತೊಪ್ಪನೆ ಬೀಳುತ್ತದೆ. ಆದರೆ ಪೆಟ್ಟಿಗೆ ಅದರ ವೇಗ ನೋಡಿ ಲೆಕ್ಕ ಹಾಕಿ, ಪರದೆಯ ಮೇಲಿನ ಚಿತ್ರದಲ್ಲಿ ಅದನ್ನು ಗುಡ್ಡ ದಾಟಿಸಿ, ಕೆರೆ ದಾಟಿಸಿ, ದೂರದ ಬಾವುಟದ ಕಡೆ ಹಾರಿಸುತ್ತದೆ. ಎಲ್ಲ ಬಂದಿತ್ತು, ಆ ಚಿತ್ರ ಬಿಡುವ ಪ್ರೊಜೆಕ್ಟರ್ ಒಂದು ಬಿಟ್ಟು. ಅದನ್ನು ಅವನೇ ಕೇಳಿ ಹೊತ್ತುಕೊಂಡಿದ್ದ. “ಬೆಳಕು, ಮಸೂರ, ದೂರ... ಇದು ನನ್ನ ಕಸುಬು ಮಾವ, ನನಗೆ ಬಿಡಿ,” ಎಂದು ಊಟದ ಮೇಜಿನ ಮುಂದೆ ಹೇಳಿದಾಗ ಹೆಂಡತಿ ಮೇಜಿನಡಿ ಅವನ ಪಾದ ತುಳಿದಿದ್ದಳು. ಅವನದು ಕನ್ನಡಕದ ಅಂಗಡಿ. ಜನರ ಎರಡು ಕಣ್ಣುಗಳ ನಡುವಿನ ಅಂತರವನ್ನು ಅಳೆದು ಬದುಕುವವನು. ಅಪರಿಚಿತರ ಮುಖದ ಇಷ್ಟು ಹತ್ತಿರ ಹೋಗಿ, ಅವರ ಉಸಿರು ಕುಡಿದು, ನೋಯಿಸದೆ ಹಿಂದೆ ಬರುವುದು ಅವನಿಗೆ ಗೊತ್ತಿತ್ತು. ಮಾವನ ಮುಂದೆ ಮಾತ್ರ ಈ ಜಾಣತನ ಯಾಕೋ ಹೆಂಗಸರ ಹೊಲಿಗೆ ಕೆಲಸದ ಹಾಗೆ ಕಾಣುತ್ತಿತ್ತು. ಮೊದಲ ಸಲ ಅಂಗಡಿಗೆ ಬಂದಾಗ ಮಾವ ಗಾಜಿನ ಕಪಾಟುಗಳ ಸುತ್ತ ಒಂದು ಸುತ್ತು ಹಾಕಿ, “ಇದನ್ನೆಲ್ಲ ಒಡೆಯೋಕೆ ನನ್ನ ಆಳು ಒಬ್ಬ ಸಾಕು, ಒಂದು ಬೀಡಿ ಸೇದಿ ಮುಗಿಸೋ ಹೊತ್ತು,” ಅಂದಿದ್ದರು. ತಮಾಷೆಗೆ.

ಮೊದಲು ತಂದ ಪ್ರೊಜೆಕ್ಟರನ್ನು ಅವನು ಹಿಂದಿನ ಗೋಡೆಗೆ ಕೂರಿಸಿದ್ದ. ಚಿತ್ರ ಎಷ್ಟು ಚೆನ್ನಾಗಿ ಬಂದಿತ್ತೆಂದರೆ ಖಾಲಿ ಕೋಣೆಯಲ್ಲಿ ಒಬ್ಬನೇ ನಿಂತು ಅವನು ಆ ಹಸಿರನ್ನು ನೋಡುತ್ತಲೇ ಇದ್ದ. ನಡುವೆ ಒಬ್ಬ ಮನುಷ್ಯ ಬಂದು ನಿಲ್ಲುತ್ತಾನೆ ಎನ್ನುವುದೇ ಹೊಳೆದಿರಲಿಲ್ಲ. ಭಾನುವಾರ ಮಾವ ತಮ್ಮ ಇಬ್ಬರು ಆಟದ ಗೆಳೆಯರನ್ನು ಕರೆದಿದ್ದರು. ಮಾವ ಗಾಲ್ಫ್ ಕೋಲು ಹಿಡಿದು ಚಾಪೆಯ ಮೇಲೆ ಕಾಲಿಟ್ಟದ್ದೇ ತಡ, ಅವರ ನೆರಳು ಪರದೆಯ ತುಂಬ ಎದ್ದು ನಿಂತಿತು, ಗುಡ್ಡ ಕೆರೆ ಬಾವುಟ ಎಲ್ಲವನ್ನೂ ನುಂಗಿ. “ಇದೇನಯ್ಯಾ, ನನ್ನ ನೆರಳಿಗೆ ನಾನೇ ಹೊಡ್ಕೋಬೇಕಾ?” ಗೆಳೆಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನೂ ನಕ್ಕ. ಆಮೇಲಿನದೆಲ್ಲ ಮರೆತಾನು, ತಾನೂ ನಕ್ಕದ್ದನ್ನು ಮರೆಯಲಾರ. ಮಾವ ಹತ್ತಿರ ಬಂದು, ಮಗುವಿನ ಕೈಯಿಂದ ಆಟಿಕೆ ತೆಗೆಯುವಂತೆ ಅವನ ಮೂಗಿನ ಮೇಲಿಂದ ಕನ್ನಡಕ ತೆಗೆದು, ಬಾಗಿಲ ಬಳಿ ಟ್ರೇ ಹಿಡಿದು ನಿಂತಿದ್ದ ಅತ್ತೆಯ ಮುಖಕ್ಕೆ ಸಿಕ್ಕಿಸಿದರು. “ತಗೋ, ನೀನೇ ಹಾಕ್ಕೋ. ಹೇಗೂ ಇದರಲ್ಲಿ ಯಾರಿಗೂ ಏನೂ ಕಾಣಲ್ಲ.” ಮಸುಕಿನಲ್ಲಿ ನಿಂತವನಿಗೆ ನಗುವ ಬಾಯಿಗಳು ಕಪ್ಪು ತೂತುಗಳ ಹಾಗೆ ಕಂಡವು. ಎರಡೆರಡು ಕನ್ನಡಕ ಹೊತ್ತ ಅತ್ತೆಯೂ ನಗುತ್ತಿದ್ದರೋ ಏನೋ, ಟ್ರೇಯ ಮೇಲಿನ ಲೋಟಗಳು ಸಣ್ಣಗೆ ಸದ್ದು ಮಾಡುತ್ತಿದ್ದವು.

ಆಮೇಲೆ ಹೊಸದನ್ನು ಆರಿಸಲು ಕೂತ. ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಅಂಗಡಿಯ ಕುರ್ಚಿಯಲ್ಲಿ ಕೂತು ಓದಿದ. ಪರದೆಗೆ ತೀರ ಹತ್ತಿರದಿಂದ ಅಗಲಕ್ಕೆ ಚಿತ್ರ ಬಿಡುವ ಯಂತ್ರ ಬೇಕು, ಶಾರ್ಟ್ ಥ್ರೋ ಅನ್ನುತ್ತಾರೆ. ಅದನ್ನು ಹೊಡೆಯುವವನ ಹಿಂದಲ್ಲ, ಸ್ವಲ್ಪ ಮುಂದೆ, ಚಾವಣಿಗೆ ತೂಗುಹಾಕಬೇಕು. ಬೆಳಕು ಓರೆಯಾಗಿ ಅವನ ತಲೆಯ ಮುಂದಿನಿಂದ ಇಳಿಯಬೇಕು. ಕೋಲು ಮೇಲೆದ್ದಾಗ ತಾಗಬಾರದು, ಪರದೆಗೆ ಬಡಿದು ಹಿಂದೆ ಬಂದ ಚೆಂಡು ಮುಟ್ಟಬಾರದು. ಬೆಳಕು ಗಟ್ಟಿಯಿರಬೇಕು, ಇಲ್ಲವಾದರೆ ಹಗಲಲ್ಲಿ ಹುಲ್ಲು ಬೂದಿಯಾಗಿ ಕಾಣುತ್ತದೆ. ಇದಕ್ಕೆಲ್ಲ ಮಾವನ ಮೈಯನ್ನು ತಲೆಯಲ್ಲಿ ನಿಲ್ಲಿಸಿಕೊಳ್ಳದೆ ಗತ್ಯಂತರವಿರಲಿಲ್ಲ. ಎಷ್ಟು ಎತ್ತರ, ಕೈ ಎತ್ತಿದರೆ ಎಷ್ಟು, ಕೋಲಿನ ತುದಿ ಗಾಳಿಯಲ್ಲಿ ಎಲ್ಲಿಗೆ ಮುಟ್ಟುತ್ತದೆ, ತಲೆ ಎಲ್ಲಿ ಬರುತ್ತದೆ. ಒಂದು ಸಂಜೆ ಅವರನ್ನು ಚಾಪೆಯ ಮೇಲೆ ಕೋಲೆತ್ತಿಸಿ ನಿಲ್ಲಿಸಿ, ಚಾವಣಿಯಲ್ಲಿ ಸೀಮೆಸುಣ್ಣದ ಗುರುತು ಮಾಡಿದ. ಅಷ್ಟು ಹತ್ತಿರದಿಂದ ಆ ಕುತ್ತಿಗೆಯ ದಪ್ಪ ನರ, ಎದೆಯ ನಡುವೆ ಅಂಗಿಯ ಸಂದಿಯಲ್ಲಿ ಕಾಣುವ ಹೊಲಿಗೆಯ ಗೆರೆ, ಅರ್ಧ ಬೆಂದ ಹುರುಳಿಯಂಥ ನರೂಲಿ. ಈ ಮೈಯನ್ನು ಇಷ್ಟು ಗಮನವಿಟ್ಟು ಅವರ ಡಾಕ್ಟರೂ ನೋಡಿರಲಿಕ್ಕಿಲ್ಲ. ಹೆಂಡತಿ, “ಅಷ್ಟೊಂದು ಯಾಕೆ ತಲೆ ಕೆಡಿಸ್ಕೋತೀಯ? ಅಂಗಡಿಯವರಿಗೇ ಹೇಳಿದ್ರೆ ಬಂದು ಹಾಕಿ ಹೋಗ್ತಾರೆ,” ಅಂದಳು. “ಇಲ್ಲ, ನಾನೇ ಹಾಕಬೇಕು,” ಅಂದ ಅವನು. ದನಿ ತನ್ನದಲ್ಲದ ಹಾಗಿತ್ತು. ಅವಳು ತಲೆಯೆತ್ತಿ ನೋಡಿದ್ದಳು.

ನಾಲ್ಕು ತೂತೂ ಮುಗಿದವು. ಬೋಲ್ಟುಗಳನ್ನು ಬಡಿದು ಕೂರಿಸಿ, ಕಬ್ಬಿಣದ ತಟ್ಟೆಯನ್ನು ಅವುಗಳ ಮೇಲೇರಿಸಿ, ತಟ್ಟೆಗೆ ಯಂತ್ರವನ್ನು ಸೇರಿಸಿದ. ಹೊಟ್ಟೆ ತುಂಬಿದ ಮಗುವಿನಷ್ಟು ತೂಕ. ಒಂದು ಮೂಲೆಯ ನಟ್ಟನ್ನು ಸ್ಪ್ಯಾನರ್ ಹಾಕಿ ಬಿಗಿದ. ಉಳಿದ ಮೂರನ್ನು ಬೆರಳಲ್ಲಿ ತಿರುಗಿಸಿಟ್ಟ. ತಪ್ಪೇನಲ್ಲ, ಕ್ರಮವೇ ಹಾಗೆ: ಚಿತ್ರ ಪರದೆಗೆ ಸರಿಯಾಗಿ ಕೂರುವ ತನಕ ತಟ್ಟೆ ಸ್ವಲ್ಪ ಅಲ್ಲಾಡಬೇಕು, ಆಮೇಲೆ ಬಿಗಿಯಬೇಕು. ಕಡೆಯಲ್ಲಿ ಉಕ್ಕಿನ ಸಣ್ಣ ತಂತಿಯೊಂದನ್ನು ಬೇರೆಯೇ ಕೊಕ್ಕೆಗೆ ಸಿಕ್ಕಿಸಬೇಕು, ಎಲ್ಲ ಕಳಚಿದರೂ ಅದು ಹಿಡಿದುಕೊಳ್ಳುತ್ತದೆ. ತಂತಿ ಅವನ ಪ್ಯಾಂಟಿನ ಜೇಬಿನಲ್ಲಿ ಸುರುಳಿ ಸುತ್ತಿಕೊಂಡಿತ್ತು. ಯಂತ್ರ ಹಚ್ಚಿದ. ಪರದೆಯ ಮೇಲೆ ಹಸಿರು ಚಿಮ್ಮಿತು, ಸೊಟ್ಟಗೆ. ಆಕಾಶ ಎಡಕ್ಕೆ ವಾಲಿ, ಕೆರೆಯ ನೀರು ಈಗಲೋ ಆಗಲೋ ನೆಲಕ್ಕೆ ಚೆಲ್ಲುವ ಹಾಗೆ.

ಅತ್ತೆ ಚಹಾ ತಂದದ್ದು ಆಗ. ಪಕ್ಕದ ಬಾಗಿಲಿಂದ ಬಂದವರು ಬೆಳಕನ್ನು ನೋಡಲಿಲ್ಲವೋ, ನೋಡಿ ಬೆರಗಾದರೋ, ನೇರ ಅದರ ನಡುವೆ ಬಂದು ನಿಂತುಬಿಟ್ಟರು. ಅವರ ಬಿಳಿ ಕೂದಲಿನ ಮೇಲೆ ಹುಲ್ಲು ಬೆಳೆಯಿತು, ಕೆನ್ನೆಯ ಮೇಲೆ ಬಾವುಟ ಹಾರಿತು. ಅವನಿಗೆ ಆ ಗಳಿಗೆಯಲ್ಲಿ ಅತ್ತೆ ಚಂದ ಕಂಡರು. ಮಾವ ಎದ್ದರು. ಕೋಲನ್ನು ತಿರುಗಿಸಿ, ಅದರ ಕಬ್ಬಿಣದ ತಲೆಯನ್ನು ಹೆಂಡತಿಯ ಹೊಟ್ಟೆಗೆ ಆನಿಸಿ, ಬಾಗಿಲು ತಳ್ಳುವ ಹಾಗೆ ತಳ್ಳತೊಡಗಿದರು. ಸಿಟ್ಟಿನಿಂದ ಅಲ್ಲ, ನಿಧಾನವಾಗಿ. “ಬೆಳಕಿಗೆ ಅಡ್ಡ ಬರಬೇಡ ಅಂತ ಎಷ್ಟು ಸಲ ಬಡ್ಕೊಳ್ಲಿ?” ಅತ್ತೆ ಹಿಂದೆ ಹಿಂದೆ ಹೋದರು, ಬಿಸಿ ಚಹಾ ಬಟ್ಟಲಿಂದ ತುಳುಕಿ ಅವರ ಕೈಯ ಮೇಲೆ ಹರಿಯಿತು, ಬಟ್ಟಲನ್ನು ಮಾತ್ರ ಅವರು ಬಿಡಲಿಲ್ಲ. ಗೋಡೆ ಬಂತು. ಗೋಡೆ ಬಂದ ಮೇಲೂ ಮಾವ ಇನ್ನೊಂದು ಸಲ ಒತ್ತಿದರು, ಮೊಳೆ ಕೂತಿತೋ ಇಲ್ಲವೋ ನೋಡುವವರಂತೆ. ಅತ್ತೆಯ ಬಾಯಿಂದ ಬಂದದ್ದು ಮಾತಲ್ಲ, ಬರೀ ಗಾಳಿ. ಏಣಿಯ ಮೇಲೆ ಸ್ಪ್ಯಾನರ್ ಹಿಡಿದು ನಿಂತವನಿಗೆ ಅನ್ನಿಸಿತು, ಇಳಿದುಹೋಗಿ ಆ ಕೋಲು ಕಿತ್ತು ಮಾವನದೇ ಹೊಟ್ಟೆಗೆ, ಆ ಹೊಲಿಗೆಯ ಗೆರೆಗೆ... ಬಾಯಿ ತೆರೆದ. “ಅತ್ತೆ, ನೀವು ಆ ಕಡೆ ಬಾಗಿಲಿಂದ ಬನ್ನಿ,” ಅಂದ.

ಅಂದ ಮೇಲೆ ತನಗೇ ಕೇಳಿಸಿತು. ಅತ್ತೆ, “ಹೂಂ, ಗೊತ್ತಾಗ್ಲಿಲ್ಲ ನೋಡಿ,” ಎಂದು ಅವನ ಕಡೆ ನೋಡಿ ಕ್ಷಮೆ ಕೇಳುವವರಂತೆ ನಕ್ಕರು. ಈ ನಗು ಅವನಿಗೆ ಪರಿಚಯದ್ದು. ವರ್ಷಕ್ಕೆ ಎರಡು ಮೂರು ಸಲ ಅತ್ತೆ ಅಂಗಡಿಗೆ ಬರುತ್ತಾರೆ, ಕರವಸ್ತ್ರದಲ್ಲಿ ಸುತ್ತಿದ ಕನ್ನಡಕ ಬಿಚ್ಚುತ್ತಾರೆ. “ಮೇಲೆ ಕೂತ್ಬಿಟ್ಟೆ ನೋಡಿ, ಬುದ್ಧಿಯಿಲ್ಲ ನನಗೆ.” ಮೇಲೆ ಕೂತ ಕನ್ನಡಕ ಚಪ್ಪಟೆಯಾಗುತ್ತದೆ, ಎರಡೂ ಕಾಲು ಹೊರಕ್ಕೆ ಚಾಚುತ್ತದೆ. ಅತ್ತೆಯದು ಯಾವಾಗಲೂ ಬಲಗಡೆಯಿಂದ ಒಳಕ್ಕೆ ಬಾಗಿರುತ್ತಿತ್ತು, ಮೂಗಿನ ಮೇಲೆ ಕೂರುವ ಪುಟ್ಟ ಗುಂಡಿ ಚರ್ಮಕ್ಕೆ ಕಚ್ಚಿಕೊಂಡು ತಿರುಚಿರುತ್ತಿತ್ತು. ಮುಖದ ಮೇಲಿದ್ದಾಗ ಪೆಟ್ಟು ತಿಂದ ಕನ್ನಡಕ ಹೇಗಿರುತ್ತದೆ ಎಂದು ಅವನಿಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು? ಬಿಸಿಗಾಳಿಗೆ ಹಿಡಿದು, ಮೆತ್ತಗಾಗಿಸಿ, ನೇರ ಮಾಡಿ, ಒರೆಸಿ, ಅವರ ಕಿವಿಗೆ ತಾನೇ ಏರಿಸಿ, “ಈಗ ಸರಿಯಾ ಅತ್ತೆ?” ಅನ್ನುತ್ತಿದ್ದ. ಕಿವಿಯ ಹಿಂದಿನ ಊತವನ್ನು ತನ್ನ ಬೆರಳು ದಾಟಿ ಹೋಗುತ್ತಿತ್ತು. ಒಂದು ಸಲವೂ ಕೇಳಲಿಲ್ಲ. ಕೇಳದೆ ಇದ್ದದ್ದಕ್ಕೆ ಮರ್ಯಾದೆ ಎಂದು ಹೆಸರಿಟ್ಟುಕೊಂಡಿದ್ದ. ಇನ್ನೊಂದು ಏಟಿಗೆ ಸಿದ್ಧವಾಗುವ ಹಾಗೆ ನೇರ ಮಾಡಿ ಕಳಿಸುತ್ತಿದ್ದವನು ತಾನೇ.

“ಆಯ್ತೇನಯ್ಯಾ? ಇವತ್ತೇ ಆಗತ್ತೋ, ನನ್ನ ತಿಥಿಗೆ ಆಗತ್ತೋ?” ಅಂದರು ಮಾವ. ಅವನು ತಟ್ಟೆಯನ್ನು ಚೂರು ತಿರುಗಿಸಿದ. ಆಕಾಶ ನೆಟ್ಟಗಾಯಿತು, ಕೆರೆ ತನ್ನ ಜಾಗಕ್ಕೆ ಹೋಯಿತು, ಚಿತ್ರದ ನಾಲ್ಕು ಮೂಲೆ ಪರದೆಯ ನಾಲ್ಕು ಮೂಲೆಗೆ ಹೋಗಿ ಕೂತವು. ಇನ್ನು ನಟ್ಟು ಬಿಗಿಯುವುದು, ತಂತಿ ಸಿಕ್ಕಿಸುವುದು. ಮಾವ ಆಗಲೇ ಚಾಪೆಯ ಮೇಲೆ ಬಂದು ನಿಂತಿದ್ದರು. “ಸಾಕು, ಇಳಿ. ನೋಡೇ ಬಿಡೋಣ.” ‘ಮಾವ, ಒಂದು ನಿಮಿಷ, ಇನ್ನೂ ಬಿಗಿದಿಲ್ಲ’ ಎನ್ನುವ ವಾಕ್ಯ ಪೂರ್ತಿಯಾಗಿ ಅವನ ನಾಲಿಗೆಯ ಮೇಲೆ ಬಂತು. ಮೇಲಿಂದ ಅವರ ನೆತ್ತಿ ಕಾಣುತ್ತಿತ್ತು, ಕೂದಲು ಉದುರಿ ನಡುವೆ ಬೋಳಾದ, ಬೆಳಕಿಗೆ ಹೊಳೆಯುವ ನೆತ್ತಿ. ಈ ಮನುಷ್ಯ ಇಲ್ಲಿ ನಿಲ್ಲುತ್ತಾನೆ, ಕೋಲು ಬೀಸಿದಾಗ ಅರ್ಧ ಹೆಜ್ಜೆ ಮುಂದಕ್ಕೆ ಬರುತ್ತಾನೆ, ಆಗ ತಲೆ ಇಲ್ಲಿ ಇರುತ್ತದೆ. ಅವನು ಲೆಕ್ಕ ಹಾಕಲಿಲ್ಲ; ಲೆಕ್ಕ ಎಂದೋ ಆಗಿತ್ತು. ಇಳಿದ. ಸ್ಪ್ಯಾನರನ್ನು ಏಣಿಯ ಮೆಟ್ಟಿಲ ಮೇಲೆ ಇಟ್ಟ. ಜೇಬಿನ ತಂತಿಯನ್ನು ಬಟ್ಟೆಯ ಮೇಲಿಂದಲೇ ಮುಟ್ಟಿ ನೋಡಿದ. ಎದೆ ಹೊಡೆದುಕೊಳ್ಳುತ್ತಿರಲಿಲ್ಲ. ಒಳಗೆ ತಂಪಾಗಿತ್ತು, ಗಿರಾಕಿಗೆ ಸರಿಯಾದ ಗಾಜು ಸಿಕ್ಕ ಗಳಿಗೆಯಲ್ಲಿ ಆಗುವ ಹಾಗೆ.

“ಚೆಂಡು!” ಅಂದರು ಮಾವ.

ಅತ್ತೆ ಚೆಂಡಿನ ಬಕೆಟ್ಟು ಎತ್ತಿಕೊಂಡು ಬಂದು ಚಾಪೆಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಮಾವ ಬಗ್ಗುವಂತಿರಲಿಲ್ಲವಲ್ಲ; ಒಂದೊಂದೇ ಚೆಂಡನ್ನು ಎತ್ತಿ ರಬ್ಬರಿನ ಗೂಟದ ಮೇಲೆ ಕೂರಿಸಿ ಕೈ ಹಿಂದೆ ತೆಗೆಯುವುದು ಅತ್ತೆಯ ಕೆಲಸ. ಕೈ ಪೂರ್ತಿ ಹಿಂದೆ ಹೋಗುವ ಮೊದಲೇ ಮಾವ ಬೀಸುತ್ತಿದ್ದರು. “ಒಂದು ಕೈ ಹೋದ್ರೆ ಇನ್ನೊಂದಿದೆಯಲ್ಲ,” ಎಂದು ಗೆಳೆಯರ ಮುಂದೆ ಹೇಳುವುದಿತ್ತು. ಮೊದಲ ಹೊಡೆತ ಪರದೆಯ ನಟ್ಟನಡುವೆ ಬಿತ್ತು. ದಪ್ಪ ಬಟ್ಟೆ ಒಳಕ್ಕೆ ಹೋಗಿ, ಹೊಟ್ಟೆಗೆ ಗುದ್ದಿದ ಸದ್ದು ಬಂತು. ಚಿತ್ರದ ಚೆಂಡು ಗುಡ್ಡ ಹತ್ತಿ ಹಾರಿತು. ಮಾವನ ಮೈಮೇಲೆ ಬೆಳಕು ಬಿದ್ದಿಲ್ಲ, ಪರದೆಯ ಮೇಲೆ ನೆರಳಿಲ್ಲ. “ಆಹಾ!” ಅಂದರು ಮಾವ. ಅದು ಮೆಚ್ಚುಗೆ. ಇಷ್ಟು ವರ್ಷದಲ್ಲಿ ಮೊದಲನೆಯದು. ಅವನ ಮೈಯೆಲ್ಲ ಅದಕ್ಕೆ ಬಾಯಿಬಿಟ್ಟಿತು, ಬೀದಿನಾಯಿ ಬ್ರೆಡ್ಡಿಗೆ ಬಿಡುವ ಹಾಗೆ. ಅದೇ ಗಳಿಗೆಯಲ್ಲಿ ‘ನಿಲ್ಲಿ ಮಾವ’ ಅನ್ನಬಹುದಿತ್ತು. ಹೊಗಳಿಸಿಕೊಂಡ ತಕ್ಷಣ ಹೇಗೆ ಹೇಳುವುದು, ಕೆಲಸ ಅರ್ಧ ಬಿಟ್ಟಿದ್ದೇನೆ ಅಂತ? ಎರಡನೆಯದನ್ನು ಮಾವ ಹುರುಪಿನಲ್ಲಿ ಬಲವಾಗಿ ಬೀಸಿದರು. ಚೆಂಡು ಪರದೆಯ ಮೇಲಂಚಿನ ಕೊಳವೆಗೆ ಬಡಿದು ಖಣ್ಣೆಂದು, ಹಿಂದೆ ಚಿಮ್ಮಿ, ಚಾವಣಿಯ ತಟ್ಟೆಗೆ ತಾಗಿ, ಎಲ್ಲೋ ಮೂಲೆಗೆ ಹೋಗಿ ಬಿತ್ತು. ಚಿತ್ರ ಒಮ್ಮೆ ನಡುಗಿತು. ಮೇಲಿಂದ ಏನೋ ಕೆಳಗೆ ಬಿದ್ದು ಚಾಪೆಯ ಮೇಲೆ ಉರುಳಿತು.

ಅತ್ತೆ ಅದನ್ನು ಹೆಕ್ಕಿದರು. ಅಂಗೈಯ ಮೇಲಿಟ್ಟು, ಕನ್ನಡಕ ಸರಿಮಾಡಿಕೊಂಡು ನೋಡಿ, ಕೈ ಚಾಚಿದರು. “ಇದು ನಿಮ್ಮದಾ ನೋಡಿ, ಎಲ್ಲಿಂದಲೋ ಬಿತ್ತು.” ನಟ್ಟು. ಆಮೇಲೆ ಎಷ್ಟು ಸಲ ಆ ಗಳಿಗೆಯನ್ನು ಬಿಚ್ಚಿ ನೋಡಿದರೂ ಅದರಲ್ಲಿ ಜಾಗವಿತ್ತು. ‘ಏಳಿ’ ಎನ್ನಲು, ಕೈ ಹಿಡಿದು ಎಳೆಯಲು ಬೇಕಾದಷ್ಟು ಜಾಗ. ಅವನು ಅತ್ತೆಯ ಕಡೆ ನೋಡಲೇ ಇಲ್ಲ. ಮಾವ ನೋಡಿಬಿಟ್ಟರೋ ಎಂದು ಮಾವನ ಮುಖ ನೋಡಿದ.

ಉಳಿದೆರಡು ಸಡಿಲ ನಟ್ಟೂ ಕಳಚಿ ಉರುಳಿದವು; ಯಂತ್ರ ಒಂದು ಬೋಲ್ಟಿನ ಮೇಲೆ ಜೋತುಬಿದ್ದು, ಅರ್ಧ ಸುತ್ತು ತಿರುಗಿ, ಅದರಿಂದಲೂ ಕಿತ್ತುಕೊಂಡು, ಕಬ್ಬಿಣದ ತಟ್ಟೆಯ ಮೂಲೆಯ ಸಮೇತ ಅತ್ತೆಯ ಹುಬ್ಬಿನ ಮೇಲೆ ಬಂದಿತು. ತೆಂಗಿನಕಾಯಿಯ ಸದ್ದು ಅಲ್ಲ, ಅಷ್ಟು ಗಟ್ಟಿಯಲ್ಲ. ಒದ್ದೆ ಬಟ್ಟೆ ಕಲ್ಲಿಗೆ ಬಿದ್ದ ಸದ್ದು. ಕನ್ನಡಕ ಎರಡು ತುಂಡಾಗಿ ಒಂದು ಗಾಜು ಬಕೆಟ್ಟಿನೊಳಗೆ ಹಾರಿತು. ಅತ್ತೆ ಕೂತಲ್ಲೇ ಹಿಂದಕ್ಕೆ ಕೂತರು, ಅಷ್ಟೇ. ಕೂಗಲಿಲ್ಲ. ವಯರಿನ ಜೊತೆ ತೂಗಾಡುತ್ತಿದ್ದ ಯಂತ್ರ ಇನ್ನೂ ಉರಿಯುತ್ತಲೇ ಇತ್ತು. ಹಸಿರು ಗುಡ್ಡಗಳು ಗೋಡೆ, ಬಾಗಿಲು, ಮಾವನ ಅಂಗಿ, ಎಲ್ಲದರ ಮೇಲೆ ಗಿರಗಿರನೆ ಓಡಿದವು. ಅತ್ತೆಯ ಕೆನ್ನೆಯ ಮೇಲೆ ಇಳಿಯುತ್ತಿದ್ದ ರಕ್ತ ಆ ಬೆಳಕಲ್ಲಿ ಒಮ್ಮೆ ಕಪ್ಪು, ಒಮ್ಮೆ ಹಸಿರು, ಒಮ್ಮೆ ಏನೂ ಇಲ್ಲ. ಅವನು ಓಡಿದ. ಓಡಿದ್ದು ಏಣಿಯ ಕಡೆಗೆ. ಮೂರೇ ಹೆಜ್ಜೆಯಲ್ಲಿ ಹತ್ತಿ, ವಯರು ಹಿಡಿದು ಎಳೆದುಕೊಂಡು, ಬಿಸಿಯಾದ ಆ ಯಂತ್ರವನ್ನು ಎರಡು ಕೈಯಲ್ಲಿ ತಬ್ಬಿ ಮೇಲಕ್ಕೆತ್ತಿ ತಟ್ಟೆಯನ್ನು ಚಾವಣಿಗೆ ಒತ್ತಿ ಹಿಡಿದ. ಅತ್ತೆಯನ್ನು ಹಿಡಿಯಬೇಕಾದ ಕೈಗಳು ಯಂತ್ರವನ್ನು ಹಿಡಿದವು. ಯಾಕೆ ಎಂದು ಅವನಿಗೆ ಆಗ ಗೊತ್ತಿರಲಿಲ್ಲ, ಕೈಗಳಿಗೆ ಗೊತ್ತಿತ್ತು.

ಮೇಲಿನ ಕೋಣೆಯಲ್ಲಿ ಅಮ್ಮನ ಕಪಾಟು ಜೋಡಿಸುತ್ತಿದ್ದ ಹೆಂಡತಿ ಸದ್ದು ಕೇಳಿ ಬಂದಳು. ಅವಳು ಬಾಗಿಲು ತೆರೆದಾಗ ಕಂಡದ್ದು: ಗಂಡ ಏಣಿಯ ಮೇಲೆ ಕೆಲಸದಲ್ಲಿದ್ದಾನೆ, ಪರದೆಯ ಮೇಲೆ ಸೊಟ್ಟ ಹಸಿರು ಹೊಳೆಯುತ್ತಿದೆ, ಅಪ್ಪ ಕೋಲು ಹಿಡಿದು ನಿಂತಿದ್ದಾರೆ, ಅಪ್ಪನ ಕಾಲ ಬುಡದಲ್ಲಿ ಅಮ್ಮ ಮುಖ ಮುಚ್ಚಿಕೊಂಡು ಕೂತಿದ್ದಾಳೆ, ಬೆರಳ ಸಂದಿಯಲ್ಲಿ ರಕ್ತ. ಅವಳು ಬಾಗಿಲಲ್ಲೇ ಒಂದು ಕ್ಷಣ ನಿಂತಳು. ಅಷ್ಟರಲ್ಲಿ ಮಾವ, ಅತ್ತೆಯ ಕೈಯಿಂದ ಜಾರಿ ಬಿದ್ದಿದ್ದ ನಟ್ಟಿನ ಮೇಲೆ ಮೆಲ್ಲಗೆ ತಮ್ಮ ಬೂಟುಗಾಲು ಇಟ್ಟದ್ದನ್ನು ಅವನು ಮೇಲಿಂದ ನೋಡಿದ.

“ಏನಾಯ್ತಮ್ಮಾ?”

“ಏನಿಲ್ಲ ಕಣೇ. ಏಣಿಗೆ ಎಡವಿಬಿಟ್ಟೆ.” ಹೇಳುತ್ತಾ ಅತ್ತೆ ಕತ್ತೆತ್ತಿದ್ದು ಗಂಡನ ಕಡೆಗಲ್ಲ, ಅಳಿಯನ ಕಡೆಗೆ. ಒಂದು ಕಣ್ಣು ರಕ್ತದಲ್ಲಿ ಮುಚ್ಚಿತ್ತು, ಇನ್ನೊಂದು ಅವನನ್ನು ಸಮಾಧಾನ ಮಾಡುತ್ತಿತ್ತು. “ನಂದೇ ತಪ್ಪು. ಅವರು ಕೆಲಸ ಮಾಡೋವಾಗ ಮಧ್ಯೆ ಹೋದೆ.”

ಹೆಂಡತಿ ಟವಲು ತಂದು ಅಮ್ಮನ ಹಣೆಗೆ ಒತ್ತಿ, ಎಬ್ಬಿಸಿ, ತೋಳು ಸುತ್ತಿ ಕಾರಿನ ಕಡೆ ನಡೆಸಿದಳು. ಬಾಗಿಲಲ್ಲಿ ತಿರುಗಿ, “ನೀನು ಬರಲ್ವಾ?” ಅಂದಳು. ಅವನ ಕೈಯಲ್ಲಿ ಯಂತ್ರವಿತ್ತು. ಬಿಟ್ಟರೆ ಬೀಳುತ್ತದೆ, ಬಿದ್ದರೆ ಕಾಣುತ್ತದೆ. “ಅವನಿಗೆ ಇಲ್ಲಿ ಕೆಲಸ ಇದೆ,” ಅಂದರು ಮಾವ. “ನೀವು ಹೊರಡಿ.” ಕಾರು ಹೋದ ಸದ್ದು ಬೀದಿಯ ತಿರುವಿನವರೆಗೂ ಕೇಳಿಸಿತು.

ಮಾವ ಬೂಟುಗಾಲು ಸರಿಸಿದರು. ಬಗ್ಗಬಾರದ ಮೈಯನ್ನು ಕೋಲಿಗೆ ಊರಿ ಬಗ್ಗಿಸಿ ನಟ್ಟನ್ನು ಎತ್ತಿದರು. ಬೆರಳ ಸಂದಿಯಲ್ಲಿ ಹೊರಳಿಸಿ ನೋಡಿದರು. “ಸ್ಪ್ಯಾನರ್ ಮುಟ್ಟೇ ಇಲ್ಲ ಇದನ್ನ. ಅಂಚು ಹೊಸದಾಗೇ ಇದೆ.”

“ಚಿತ್ರ ಸರಿಮಾಡಿ ಆಮೇಲೆ ಬಿಗಿಯೋಣ ಅಂತ ಇದ್ದೆ ಮಾವ. ನೀವು ಇಳಿ ಅಂದ್ರಲ್ಲ...”

“ಮೇಲೆ ಕಟ್ಟೋಕೆ ಒಂದು ತಂತಿ ಇತ್ತಲ್ಲ?”

ಅವನ ಎರಡು ಕೈಯೂ ಮೇಲಿದ್ದವು. ಮಾವ ಬಂದು ಅವನ ಪ್ಯಾಂಟಿನ ಜೇಬಿಗೆ ಕೈ ಹಾಕಿ, ಸುರುಳಿ ಹೊರಗೆಳೆದರು. ಅದನ್ನು ನೋಡಿದರು, ಅವನನ್ನು ನೋಡಿದರು. ಏಣಿಯ ಮೇಲೆ ಕೈಕಟ್ಟಿ ಹಾಕಿದ ಹಾಗೆ ನಿಂತವನು, ಈಗ ಕೋಲು ತನ್ನ ಮೊಣಕಾಲಿನ ಚಿಪ್ಪಿಗೆ ಬರುತ್ತದೆ ಎಂದು ಕಣ್ಣು ಮುಚ್ಚಿದ. ಬರಲಿ ಎಂದೂ ಅನ್ನಿಸಿತು.

“ಒಂದು ಗೋಡೆ ತಾನಾಗಿ ಬಿತ್ತೋ, ಬೀಳೋಕೆ ಬಿಟ್ಟರೋ ಅನ್ನೋದು ಇಟ್ಟಿಗೆ ನೋಡಿದ್ರೆ ಹೇಳ್ತೀನಿ ನಾನು,” ಅಂದರು ಮಾವ. “ಇದು ನನಗೇ ತಾನೇ ಇಟ್ಟಿದ್ದು?”

ಇಲ್ಲ ಅನ್ನುವ ಶಬ್ದ ಎಷ್ಟು ಚಿಕ್ಕದು. ಅದು ಬರಲಿಲ್ಲ.

ಮಾವ ನಗಲು ಶುರು ಮಾಡಿದರು. ಗೆಳೆಯರ ಮುಂದೆ ನಗುವ ನಗುವಲ್ಲ. ಎದೆಯ ಹೊಲಿಗೆ ನೋಯದ ಹಾಗೆ, ಒಳಗೊಳಗೇ, ಕಣ್ಣಲ್ಲಿ ನೀರು ಬರುವ ಹಾಗೆ. “ಇಷ್ಟು ವರ್ಷ ನನ್ನ ಮಗಳು ಒಂದು ಒದ್ದೆ ಟವಲನ್ನ ಕಟ್ಕೊಂಡಿದಾಳೆ ಅಂದ್ಕೊಂಡಿದ್ದೆ ಕಣೋ. ಭಲೇ.” ಅವರ ಭಾರವಾದ ಕೈ ಅವನ ಮೊಣಕಾಲ ಮೇಲೆ ಬಿತ್ತು, ತಟ್ಟಿತು. “ಆದ್ರೆ ಲೆಕ್ಕ ತಪ್ಪಿದೆ. ಇಲ್ಲಿ ಕೆಳಗೆ ಬಗ್ಗೋದು ನಾನಾ? ದಿನಾ ನೋಡಿದೀಯ. ನೀನೂ ಅವಳನ್ನ ಲೆಕ್ಕಕ್ಕೇ ಹಿಡಿದಿಲ್ಲವಲ್ಲೋ.”

ಅದು ಬೈಗುಳವಾಗಿದ್ದರೆ ತಡೆದುಕೊಳ್ಳುತ್ತಿದ್ದ. ಅದರಲ್ಲಿ ವಾತ್ಸಲ್ಯವಿತ್ತು, ಒಂದೇ ಊರಿನವರು ಪರದೇಶದಲ್ಲಿ ಸಿಕ್ಕಿದಾಗ ಇರುವಂಥದು. ಮಾವನ ಎತ್ತರ, ಕೈಯಳತೆ, ನೆತ್ತಿ ಬರುವ ಜಾಗ, ಎಲ್ಲ ಕೂದಲೆಳೆ ತಪ್ಪದೆ ಅಳೆದಿದ್ದ. ಆ ಚಿತ್ರದಲ್ಲಿ ಅತ್ತೆ ಎಲ್ಲೂ ಇರಲಿಲ್ಲ. ಬಕೆಟ್ಟು ಇತ್ತು, ಚೆಂಡು ಇತ್ತು, ಚೆಂಡನ್ನು ಕೂರಿಸುವ ಕೈಯೊಂದು ಕೂಡ ಇತ್ತು. ಮಾವ ಏಣಿಯನ್ನು ಎರಡು ಕೈಯಲ್ಲಿ ಭದ್ರವಾಗಿ ಹಿಡಿದುಕೊಂಡರು. “ಬಿಗಿ. ನಾನು ಹಿಡಿದಿದೀನಿ, ಹೆದರಬೇಡ.” ನಟ್ಟುಗಳನ್ನು ಹುಡುಕಿ ಮೇಲಕ್ಕೆ ಕೊಟ್ಟರು, ಸ್ಪ್ಯಾನರ್ ಕೊಟ್ಟರು, ತಂತಿ ಕೊಟ್ಟರು. ಅವನು ಬಿಗಿದ. ಚೆನ್ನಾಗಿ ಬಿಗಿದ, ಅಂಗೈ ಸುಲಿಯುವ ತನಕ. ತಟ್ಟೆಯ ಮೂಲೆಗೆ ಅಂಟಿದ್ದ ಒಂದೆರಡು ಬಿಳಿ ಕೂದಲನ್ನು ಅಂಗಿಯ ತೋಳಿನಿಂದ ಒರೆಸಿದ.

ಫೋನು ಬಂದಾಗ ಅವನು ಇನ್ನೂ ಏಣಿಯ ಕೊನೆಯ ಮೆಟ್ಟಿಲಲ್ಲಿದ್ದ. “ಹೊಲಿಗೆ ಹಾಕ್ತಿದಾರೆ,” ಅಂದಳು ಹೆಂಡತಿ, ದನಿ ತಗ್ಗಿಸಿ. “ಕಣ್ಣಿಗೇನೂ ಆಗಿಲ್ವಂತೆ. ಎಡವಿ ಬಿದ್ರೆ ಮೇಲಿಂದ ಕೆಳಕ್ಕೆ ಸೀಳಲ್ಲ ಅಂತಿದಾರೆ ಡಾಕ್ಟ್ರು. ಅಮ್ಮ ಬಾಯಿ ಬಿಡ್ತಿಲ್ಲ. ನಾನು ಚಿಕ್ಕವಳಿದ್ದಾಗಿಂದ ಇದೇ ಎಡವೋದು, ಇದೇ ಬೀಳೋದು. ನೀನಾದ್ರೂ ನಿಜ ಹೇಳು. ಅಪ್ಪ ಹೊಡೆದನಾ?” ಅಪ್ಪನನ್ನು ಅವಳು ಏಕವಚನದಲ್ಲಿ ಅಂದದ್ದು ಅವನು ಕೇಳಿದ್ದು ಇದೇ ಮೊದಲು. ಫೋನಿನ ಸದ್ದು ಖಾಲಿ ಕೋಣೆಯಲ್ಲಿ ಮಾವನಿಗೂ ಕೇಳಿಸುತ್ತಿತ್ತು. ಮಾವ ಎದೆಯ ಮೇಲೆ ಬೆರಳಿಟ್ಟು ತೋರಿಸಿಕೊಂಡರು. ‘ನಾನೇ ಅನ್ನು,’ ಎಂದವು ತುಟಿಗಳು. ಆಮೇಲೆ ಕೈ ಬೀಸಿದರು, ಇದೇನು ಮಹಾ ಎ‍ನ್ನುವಂತೆ, ಮದುವೆಯಲ್ಲಿ ಅಳಿಯನಿಗೆ ಉಂಗುರ ತೊಡಿಸುವಾಗ ಬೀಸಿದ ಹಾಗೆ ಧಾರಾಳವಾಗಿ.

“ಹೂಂ,” ಅಂದ ಅವನು.

ಆ ಕಡೆ ಅವಳು ಉಸಿರು ಬಿಟ್ಟದ್ದು ಕೇಳಿಸಿತು. “ಗೊತ್ತಿತ್ತು ನಂಗೆ,” ಅಂದಳು. “ನೀನು ಏಣಿ ಮೇಲೆ ನಿಂತು ನೋಡ್ತಿದ್ದೆ ಅಲ್ವಾ?” ಅವನು ಕೈಯಲ್ಲಿದ್ದ ಸ್ಪ್ಯಾನರನ್ನು ಜೇಬಿಗಿಟ್ಟ. “ಹೋಗ್ಲಿ ಬಿಡು. ನೀನಾದ್ರೂ ಏನ್ಮಾಡ್ತೀಯ. ನಿನ್ನ ಕೈಲಿ ಏನಾಗತ್ತೆ, ಪಾಪ.” ಕರುಣೆಯಿಂದಲೇ ಹೇಳಿದಳು. ಅವನ ಕಿವಿ ಕೆಂಪಗೆ ಸುಟ್ಟಿತು. ನನ್ನ ಕೈಯಲ್ಲೇ ಆದದ್ದು ಅದು, ನನ್ನ ಈ ಕೈಯಲ್ಲೇ, ಎಂದು ಕೂಗಿ ಹೇಳಬೇಕೆನ್ನಿಸಿತು; ಪಶ್ಚಾತ್ತಾಪದಿಂದ ಅಲ್ಲ. ಆ ‘ಪಾಪ’ ಎಂಬ ಮಾತಿಗೆ ಒಂದು ಏಟು ಕೊಡಬೇಕೆನ್ನಿಸಿತು, ಅದು ಬಂದ ಬಾಯಿಗೇ. ಅಂಥದೊಂದು ಆಸೆ ಇಷ್ಟು ಸಲೀಸಾಗಿ, ಹಳೆಯ ಗುರುತಿನವರ ಹಾಗೆ ಒಳಗೆ ಬಂದು ಕೂತದ್ದು ನೋಡಿ ಅವನು ಫೋನನ್ನು ಕಿವಿಯಿಂದ ದೂರ ಹಿಡಿದ. “ಅಲ್ಲಿ ಒಬ್ಬನೇ ಇರಬೇಡ ಅವನ ಜೊತೆ. ಬಂದ್ಬಿಡು,” ಎನ್ನುತ್ತಿದ್ದಳು ಅವಳು, ದೂರದಿಂದ.

“ಬರ್ತೀನಿ,” ಎಂದು ಕತ್ತರಿಸಿದ.

ಮಾವ ಕೋಲಿನ ಹಿಡಿಯನ್ನು ಅವನ ಕಡೆ ಚಾಚಿದ್ದರು. “ಬನ್ನಿ ಅಳಿಯಂದಿರೇ,” ಅಂದರು. ಅವನು ಚಾಪೆಯ ಕಡೆ ನೋಡಿದ. ಒಂದು ಕಡೆ ಅದು ಒದ್ದೆಯಾಗಿತ್ತು. ಆ ಜಾಗ ತಪ್ಪಿಸಿ ಕಾಲಿಟ್ಟು ನಿಂತ. ಹಿಡಿ ಮಾವನ ಅಂಗೈಯ ಬೆವರಿಗೆ ಬೆಚ್ಚಗಿತ್ತು.